ಹಿರೇಗುತ್ತಿಯ ಮುಗಿಯದ ಜನವರಿ

ಕಾಲವನ್ನು ನಿಲ್ಲಿಸಿದವರು ಪುರಾಣದಲ್ಲಿ ಯಾರಾದರೂ ಇದ್ದರೆ ಇರಲಿ, ನನಗೆ ಹೊಟ್ಟೆಕಿಚ್ಚಿಲ್ಲ. ಕಲಿಯುಗದಲ್ಲಿ, ಭಟ್ಕಳ, ಹೊನ್ನಾವರ, ಕುಮಟಾ ಎಂಬ ಮೂರು ತಾಲೂಕುಗಳ ಮಟ್ಟಿಗೆ, ಆ ಕೆಲಸ ಮಾಡಿದ ಏಕೈಕ ಮನುಷ್ಯ ಶಿರಾಲಿಯ ಭಾಸ್ಕರ ನಾಯ್ಕ. ಅಂದರೆ ನಾನು. ಇದನ್ನು ನೀವೇ ಹೇಳಿಕೊಳ್ಳಬಾರದು ಎಂದು ನನ್ನ ಹೆಂಡತಿ ಮಾಲಿನಿ ಹೇಳುತ್ತಾಳೆ. ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ.

ನಾನು ಛಾಯಾಗ್ರಾಹಕ. ಹೊಟ್ಟೆಪಾಡಿಗೆ ಒಂದು ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಸಹಾಯಕನಾಗಿದ್ದೇನೆ ಎಂಬುದು ಬೇರೆ ಮಾತು. ಗರುಡ ಕೂಡ ಹೊಟ್ಟೆಪಾಡಿಗೆ ಮೀನು ಹಿಡಿಯುತ್ತದೆ, ಅದನ್ನು ಯಾರೂ ಮೀನುಗಾರ ಎನ್ನುವುದಿಲ್ಲ. ನನ್ನ ಕ್ಯಾಮೆರಾದ ಲೆನ್ಸು ಎಷ್ಟು ಉದ್ದವೆಂದರೆ, ಅದರ ಮುಚ್ಚಳ ತೆಗೆಯಲು ಹೋದವನು ತಿರುಗಿ ಬರುವಷ್ಟರಲ್ಲಿ ಚಹಾ ಆರಿರುತ್ತದೆ. ಶಿರಾಲಿಯಲ್ಲಿ ನಿಂತು ಅದನ್ನು ಪಶ್ಚಿಮಕ್ಕೆ ತಿರುಗಿಸಿದರೆ ಸಮುದ್ರದ ಆಚೆ ದಡದಲ್ಲಿ ಒಂಟೆ ಕಾಣುತ್ತದೆ. ನಾನು ಕಂಡಿದ್ದೇನೆ. ಅದು ಒಂಟೆಯಲ್ಲ, ಲೆನ್ಸಿನ ಮೇಲೆ ಕೂತ ಇರುವೆ ಎಂದವಳು ಮಾಲಿನಿ.

ಇಂಥ ನನ್ನ ಹೆಸರು ಈ ಸೀಮೆಯ ಯಾವ ಗೋಡೆಯ ಮೇಲೂ ಇರಲಿಲ್ಲ. ಗೋಡೆ ಎಂದರೆ ನಮ್ಮಲ್ಲಿ ಸಹಕಾರಿ ಸೊಸೈಟಿಯ ಕ್ಯಾಲೆಂಡರು. ಭಟ್ಕಳದಿಂದ ಕುಮಟಾದವರೆಗೆ ಯಾವ ಅಡುಗೆಮನೆಗೆ ಹೋದರೂ ಉಪ್ಪಿನ ಮರಿಗೆಯ ಮೇಲ್ಗಡೆ ಅದೇ ತೂಗುತ್ತಿರುತ್ತದೆ. ಅದರ ಹನ್ನೆರಡೂ ಚಿತ್ರಗಳನ್ನು ಎಷ್ಟೋ ವರ್ಷಗಳಿಂದ ತ್ರ್ಯಂಬಕ ಹೆಗಡೆಯವರೇ ತೆಗೆಯುತ್ತಿದ್ದರು. ಹೆಗಡೆಯವರು ಭಟ್ಕಳದಲ್ಲಿ ಬ್ಯಾಂಕ್ ಮ್ಯಾನೇಜರು. ಅವರಿಗೆ ಸೂರ್ಯಾಸ್ತ ಬಿಟ್ಟರೆ ಬೇರೇನೂ ತೆಗೆಯಲು ಬರುವುದಿಲ್ಲ. ಅವರ ಕ್ಯಾಲೆಂಡರಿನಲ್ಲಿ ಜನವರಿಗೆ ಮುಳುಗಿದ ಸೂರ್ಯ ಡಿಸೆಂಬರ್‌ವರೆಗೆ ಮೇಲೇಳುತ್ತಿರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಸೊಸೈಟಿಯ ಸಭೆಯಲ್ಲಿ ನಾನು ಎದ್ದು ನಿಂತೆ. ಬಾಗಿಲ ಹತ್ತಿರದ ಕುರ್ಚಿಯಿಂದ ಎದ್ದದ್ದು. ಹೊರಗೆ ಚಹಾ ಬಂದಿತ್ತು. ಎದ್ದವನು ಮಾತಾಡಲು ಎದ್ದಿದ್ದಾನೆ ಎಂದು ಸೆಕ್ರೆಟರಿ ಶ್ರೀಧರ ತಿಳಿದುಕೊಂಡ.

"ಎಂತ ಭಾಸ್ಕರ, ಹೇಳು."

ಎಲ್ಲರೂ ತಿರುಗಿ ನೋಡುವಾಗ ಚಹಾ ಎನ್ನುವುದು ಹೇಗೆ? "ಈ ಮುಳುಗೋ ಸೂರ್ಯ ಸಾಕು," ಎಂದೆ. "ನಮ್ಮ ಸೀಮೆಯಲ್ಲಿ ಹಕ್ಕಿ ಇಲ್ವಾ? ಹೊಳೆ ಇಲ್ವಾ? ನಂಗೆ ಕೊಡಿ, ಜನ ಕ್ಯಾಲೆಂಡರ್ ಮುಂದೆ ಕೈ ಮುಗಿದು ನಿಲ್ಲೋ ಹಂಗೆ ಮಾಡ್ತೆ."

ಈ ಮಾತನ್ನು ನೆನಪಿಡಿ. ನನ್ನ ನಾಲಿಗೆಯಲ್ಲಿ ಮಚ್ಚೆಯಿದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು.

ಶ್ರೀಧರ ತಲೆ ಕೆರೆದುಕೊಂಡು, "ಹನ್ನೆರಡೂ ಬೇಡ ಮಾರಾಯ. ಜನವರಿ ಒಂದು ನಿಂಗೆ. ಬರೂ ಭಾನುವಾರ ಸಂಜೆ ಒಳಗೆ ಮೊಬೈಲಿಗೆ ಕಳ್ಸು. ಬರ್ಲಿಲ್ಲ ಅಂದ್ರೆ ಹೆಗಡೇರ ಸೂರ್ಯನ್ನೇ ಹಾಕ್ತೆ," ಎಂದ. ಹೆಗಡೆಯವರು ನನ್ನ ಕಡೆ ನೋಡಿ ನಕ್ಕರು. ಮ್ಯಾನೇಜರು ಸಾಲ ಇಲ್ಲ ಎನ್ನುವ ಮೊದಲು ನಗುವ ನಗೆ ಅದು.

ನಾನು ಮನೆ ಮುಟ್ಟುವುದರೊಳಗೆ ಸುದ್ದಿ ಮುಟ್ಟಿತ್ತು. ಮಾಲಿನಿ ತನ್ನ ತವರಿಗೆ, ಹೊನ್ನಾವರದ ಕಾಸರಕೋಡಿಗೆ, ಫೋನು ಮಾಡಿ ಆಗಿತ್ತು. ನನ್ನ ಅತ್ತೆ ಕೇರಿಯ ಬಾವಿಕಟ್ಟೆಯಲ್ಲಿ ನಿಂತು, "ನಮ್ಮ ಅಳಿಯಂದ್ರ ಹೆಸರು ಕ್ಯಾಲೆಂಡರಲ್ಲಿ ಬತ್ತದೆ, ಜನವರಿಗೇ ಬತ್ತದೆ," ಎಂದು ಸಾರಿ ಆಗಿತ್ತು. ಇನ್ನು ಹೆಸರು ಬರದಿದ್ದರೆ ಆ ಕೇರಿಯಲ್ಲಿ ನಾನು ಅಳಿಯನಾಗಿ ತಿರುಗಾಡುವಂತಿರಲಿಲ್ಲ. ಹಿಂದಿನ ಬಾಗಿಲಿನಿಂದ ಹೋಗಿ ಮೀನು ಸಾರು ಉಂಡು ಬರಬೇಕಾಗುತ್ತಿತ್ತು.

ಹೊರಡುವ ತಯಾರಿ ನಡೆಯಿತು. ಕ್ಯಾಮೆರಾ ನಿಲ್ಲಿಸುವ ನನ್ನ ಸ್ಟ್ಯಾಂಡು ಲೆನ್ಸಿನ ಭಾರಕ್ಕೆ ಕಾಲು ಮುರಿದುಕೊಂಡಿತ್ತು. ಹಾಗಾಗಿ ಪಾಲಿಟೆಕ್ನಿಕ್ಕಿನ ಸಿವಿಲ್ ವಿಭಾಗದಿಂದ ಹಳದಿ ಬಣ್ಣದ, ಮೂರು ಕಾಲಿನ ಮರದ ಸ್ಟ್ಯಾಂಡು ಕೇಳಿ ತಂದೆ. ಹುಡುಗರು ಅದರ ಮೇಲೆ ದುರ್ಬೀನಿಟ್ಟು ರಸ್ತೆ ಅಳೆಯಲು ಕಲಿಯುತ್ತಾರೆ. ಅದರ ಜೊತೆಗೇ ಕಟ್ಟಿಟ್ಟಿದ್ದ ಕೆಂಪು-ಬಿಳಿ ಪಟ್ಟೆಯ ಉದ್ದ ಕೋಲನ್ನೂ, ನಾಯಿ ಓಡಿಸಲು ಆದೀತೆಂದು, ಹಾಕಿಕೊಂಡೆ. ಇವನ್ನೆಲ್ಲ ನನ್ನ ಜೀಪಿನಲ್ಲಿ ತುಂಬಿದೆ. ಜೀಪು ಹರಾಜಿನಲ್ಲಿ ಕೊಂಡದ್ದು. ಅದರ ಬಾಗಿಲ ಮೇಲಿನ 'ಕರ್ನಾಟಕ ಸರ್ಕಾರ' ಎಂಬ ಅಕ್ಷರಗಳಿಗೆ ನಾನು ಬಣ್ಣ ಬಳಿಸಿದ್ದೆ. ಕರಾವಳಿಯ ಉಪ್ಪುಗಾಳಿಗೆ ಆ ಬಣ್ಣ ಸೋತು, ಸರ್ಕಾರ ಮತ್ತೆ ಮೇಲೆ ಬಂದಿತ್ತು.

ಹಳದಿ ಸ್ಟ್ಯಾಂಡು, ಪಟ್ಟೆಕೋಲು, ಸರ್ಕಾರಿ ಬಾಗಿಲು. ಈ ಮೂರೂ ಒಂದೆಡೆ ಸೇರಿದರೆ ನೋಡುವವರಿಗೆ ಏನು ಅನ್ನಿಸೀತು ಎಂದು ನಾನು ಯೋಚಿಸಲಿಲ್ಲ. ದೊಡ್ಡ ಕಲಾವಿದರು ಯೋಚಿಸುವುದಿಲ್ಲ.

ಶನಿವಾರ ಬೆಳಗಿನ ಚಳಿಯಲ್ಲಿ ಹೊರಟೆವು. ಅಂಥ ಚಳಿ ನಮ್ಮ ಕರಾವಳಿಯಲ್ಲಿ ಬಿದ್ದದ್ದೇ ಇಲ್ಲ; ಶಿರಾಲಿಯ ಹೋಟೆಲಿನಲ್ಲಿ ಚಹಾ ಲೋಟದಿಂದ ಕೆಳಗಿಳಿಯಲು ಒಪ್ಪಲಿಲ್ಲ. ಊರ ಹೊರಗೆ ಕೊಯ್ಲಾದ ಗದ್ದೆಯಲ್ಲಿ ಬೆಳ್ಳಕ್ಕಿಗಳ ಹಿಂಡು ಕೂತಿತ್ತು. ಹಕ್ಕಿ ಬಿಳಿ, ಮಂಜು ಬಿಳಿ. ಫೋಟೋದಲ್ಲಿ ಬಿಳಿ ಬಂತು. ಹೊನ್ನಾವರದಲ್ಲಿ ಶರಾವತಿ ಸೇತುವೆಯ ಬಳಿ ಹೊಳೆಯ ಮೇಲೆ ಮಂಜು ಏಳುತ್ತಿದ್ದ ನೋಟ ದೇವಲೋಕದ್ದು. ನಾನು ಗುಂಡಿ ಒತ್ತುವುದಕ್ಕೂ ಮೀನಿನ ಲಾರಿ ಮುಂದೆ ಬರುವುದಕ್ಕೂ ಸರಿಹೋಯಿತು. ಕಾಸರಕೋಡಿನಲ್ಲಿ ಅತ್ತೆ ಅಳಿಯನ ಕಲೆಗೆ ಬಲ ಬರಲೆಂದು ಇಸ್ವಾಣ ಮೀನು ಹುರಿದಿದ್ದರು. ಊಟದ ಮೇಲೆ ಒಮ್ಮೆ ಕಣ್ಣು ಮುಚ್ಚಿದೆ. ತೆರೆದಾಗ ಸೂರ್ಯ ಹೆಗಡೆಯವರ ಪಾಲಾಗಿದ್ದ.

ಭಾನುವಾರ ಬೆಳಗ್ಗೆ ಯಾಣಕ್ಕೆ ಹೋದೆವು. ಕ್ಯಾಮೆರಾ ಎತ್ತಿದಷ್ಟೂ ಬಂಡೆ ಮೇಲೆ ಮೇಲೆ ಹೋಯಿತು. ಕೊನೆಗೆ ನಾನೇ ನೆಲದ ಮೇಲೆ ಅಂಗಾತ ಮಲಗಿದೆ. ಯಾತ್ರೆಗೆ ಬಂದಿದ್ದ ಹಿರಿಯರೊಬ್ಬರು ನನ್ನ ಹಣೆಗೆ ವಿಭೂತಿ ಹಚ್ಚಿ, ಮಾಲಿನಿಯ ಹತ್ತಿರ, "ಯಾವಾಗಿಂದ ಹೀಗೆ?" ಎಂದು ಕೇಳಿದರು.

"ಮದುವೆಗಿಂತ ಮೊದ್ಲೇ ಇತ್ತಂತೆ," ಎಂದಳು ಅವಳು.

ಹೀಗೆ ಬರಿಗೈಯಲ್ಲಿ ಹೆದ್ದಾರಿಗೆ ಇಳಿದು, ಮಿರ್ಜಾನ್ ದಾಟಿ, ಹಿರೇಗುತ್ತಿಯ ಬದಿಗೆ ಬಂದೆವು. ಅಲ್ಲಿ ಒಂದು ಒಳದಾರಿ. ಒಂದು ಬದಿಗೆ ಮನೆಗಳ ಸಾಲು, ಇನ್ನೊಂದು ಬದಿಗೆ ಹಿನ್ನೀರಿನ ಗದ್ದೆ. ಆಕಾಶದಲ್ಲಿ ಒಂದು ಗರುಡ ಸುತ್ತುತ್ತಿತ್ತು. ಕೆಂಪು ಮೈ, ಬಿಳಿ ತಲೆ. ನೋಡಿದ ಕೂಡಲೇ ನನಗೆ ತಿಳಿಯಿತು: ಇದೇ ಜನವರಿ.

ಹಕ್ಕಿ ಬಂದು ಕೂರುವ ಜಾಗಕ್ಕೆ ಮೊದಲೇ ಗುರಿ ಹಿಡಿದಿಟ್ಟುಕೊಳ್ಳುವುದು ನುರಿತವರ ಕ್ರಮ. ನಾನು ದಾರಿಯ ನಡುವೆ ಹಳದಿ ಸ್ಟ್ಯಾಂಡನ್ನು ಊರಿ, ಒಂದು ಕಣ್ಣು ಮುಚ್ಚಿ, ಲೆನ್ಸಿಗೆ ಇನ್ನೊಂದು ಕಣ್ಣಿಟ್ಟೆ. ಮಾಲಿನಿಯನ್ನು ಪಟ್ಟೆಕೋಲಿನೊಂದಿಗೆ ದೂರ ನಿಲ್ಲಿಸಿ, "ಎಡಕ್ಕೆ! ಇನ್ನೂ ಎಡಕ್ಕೆ! ಆ ಹೊನ್ನೆ ಮರದ ಬುಡಕ್ಕೆ ಹೋಗು! ಕೋಲು ನೆಟ್ಟಗೆ ಹಿಡಿ!" ಎಂದು ಕೂಗುತ್ತ ಕೈ ಬೀಸಿದೆ.

ಅಷ್ಟರಲ್ಲಿ ಒಂದು ಬಾಗಿಲು ತೆರೆಯಿತು. ಆಮೇಲೆ ಇನ್ನೊಂದು. ಆಮೇಲೆ ಎಲ್ಲವೂ.

ಮೊದಲು ಬಂದವನು ದೇವಪ್ಪ. ಆ ಕೇರಿಯ ಹಿರಿಯ. ಪಂಚೆಯನ್ನು ಮೊಣಕಾಲಿನವರೆಗೆ ಕಟ್ಟಿದ್ದವನು ನನ್ನನ್ನು ಕಂಡು ಕೆಳಗಿಳಿಸಿದ.

"ನಮಸ್ಕಾರ ಸಾಹೇಬ್ರೆ. ಮತ್ತೆ ಶುರು ಆತಾ?"

"ಹೌದು, ಈಗಷ್ಟೇ ಶುರು."

"ಎಲ್ಲಿಂದ ತಗಂಡ್ ಬಂದ್ರಿ?"

"ಭಟ್ಕಳದಿಂದ. ಶಿರಾಲಿ ಆತು, ಹೊನ್ನಾವರ ಆತು, ಯಾಣನೂ ಆತು. ಎಲ್ಲೂ ಸರಿ ಬರ್ಲಿಲ್ಲ. ನಿಮ್ಮ ಕೇರಿ ಮಾತ್ರ ಲಾಯ್ಕ ಇತ್ತು. ಇಲ್ಲೇ ಮುಗಿಸೂದು ಅಂತ ಮಾಡಿದ್ದೆ."

ದೇವಪ್ಪನ ಮುಖ ಬಾಡಿದ ಬಾಳೆ ಎಲೆಯಾಯಿತು. "ಯಾಣನೂ ಬಿಡ್ಲಿಲ್ವಾ!" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಆಮೇಲೆ ಹಿಂದೆ ತಿರುಗಿ, ಇಡೀ ಕೇರಿಗೆ ಕೇಳುವಂತೆ, "ಏ ಗಂಗೀ! ಎಳನೀರು ಕೆಡಗೇ!" ಎಂದು ಕೂಗಿದ.

ನಾನು ಬೆರಗಾದೆ. ನಮ್ಮೂರಿನಲ್ಲಿ ನಾನು ಕ್ಯಾಮೆರಾ ಹಿಡಿದರೆ ಜನ ಕೋಳಿಯನ್ನು ಒಳಗೆ ಅಟ್ಟಿ ಬಾಗಿಲು ಹಾಕುತ್ತಾರೆ. ಇಲ್ಲಿ ಕಲೆಯ ಬೆಲೆ ಗೊತ್ತಿರುವ ಜನ ಇದ್ದಾರೆ ಎಂದುಕೊಂಡೆ. ನನ್ನ ಹೆಸರು ನನಗಿಂತ ಮೊದಲೇ ಅಘನಾಶಿನಿ ಹೊಳೆ ದಾಟಿರಬೇಕು.

ಹೊನ್ನೆ ಮರವಿದ್ದದ್ದು ಗಂಗಿಯ ಅಂಗಳದಲ್ಲಿ. ಗಂಗಿ ಎಂದರೆ ಗಟ್ಟಿ ಹೆಂಗಸು. ಅವಳು ಕತ್ತಿ ಎತ್ತಿದರೆ ಎಳನೀರು ತಾನಾಗಿಯೇ ಬಾಯಿ ಬಿಡುತ್ತದೆ. ಅವಳ ಬೇಲಿಯಾಚೆ ಲಕ್ಕಿಯ ಮನೆ. ಗಂಗಿ ಎಳನೀರು ತಂದಳು ಎಂದ ಕೂಡಲೇ ಲಕ್ಕಿ ಹುರಿದ ಬೆಳಚಿನ ಚಿಪ್ಪಿ ತಂದಳು. ಗಂಗಿ ಓಡಿ ಹೋಗಿ ಬದನೆಕಾಯಿಯ ಬುಟ್ಟಿ ತಂದು ಮಾಲಿನಿಯ ತಲೆಯ ಮೇಲೆಯೇ ಇಟ್ಟಳು. ಲಕ್ಕಿ ಒಣಸಿಗಡಿಯ ಮಾಲೆಯನ್ನು ಜೀಪಿನ ಕನ್ನಡಿಗೆ ಕಟ್ಟಿದಳು.

"ಸಾಹೇಬ್ರೆ," ಎಂದಳು ಗಂಗಿ, "ಎಂತ ತೆಗೂಕೆ ಬಂದದ್ದು, ಹೇಳಿಬಿಡಿ. ನಾವು ಬಾಯಿ ಬಡ್ಕಣೂದಿಲ್ಲ."

"ಹಕ್ಕಿ ಫೋಟೋ ತೆಗೂಕೆ."

ಕೇರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೇವಪ್ಪ ಒಂದು ಕಣ್ಣು ಮಿಟುಕಿಸಿದ. "ಆತು ಆತು. ಹಕ್ಕಿಯೇ. ಹೋದ ಸಲ ನಿಮ್ಮವ್ರು ಬಂದಾಗ ಮಣ್ಣು ನೋಡೂಕೆ ಬಂದದ್ದು ಅಂದಿದ್ರು. ಹೋದ ಮೇಲೆ ನಮ್ಮ ಭಾವನ ಮನೆ ಅರ್ಧ ಉಳೀತು."

ಯಾರೋ ಹೊಸಬ ಛಾಯಾಗ್ರಾಹಕ ಬಂದು ಅರ್ಧ ಮನೆ ಮಾತ್ರ ಚೌಕಟ್ಟಿಗೆ ಸಿಗುವಂತೆ ತೆಗೆದು ಹೋಗಿರಬೇಕು. ನನಗೆ ಆ ಭಾವನ ಮೇಲೆ ಕನಿಕರ ಬಂತು.

"ಅವ್ರೆಲ್ಲ ಕಲೀತಾ ಇರೋರು," ಎಂದೆ. "ನಂದು ಹಂಗಲ್ಲ. ನಾನು ತೆಗದ್ರೆ ಮನೆ ಪೂರ್ತಿ ತೆಗೀತೆ."

ಗಂಗಿ ಅಂಗಳದಲ್ಲೇ ಕುಕ್ಕರಿಸಿದಳು. ಲಕ್ಕಿಯ ಕೈಯಿಂದ ಬೆಳಚಿನ ತಟ್ಟೆ ಜಾರಿತು. ನನ್ನ ಆತ್ಮವಿಶ್ವಾಸ ಕಂಡು ಜನ ಹೀಗೆ ಕುಸಿಯುವುದನ್ನು ನಾನು ಮೊದಲ ಸಲ ನೋಡಿದೆ.

ಆಮೇಲೆ ನಡೆದದ್ದು ನನಗೆ ಇಂದಿಗೂ ಪೂರ್ತಿ ಅರ್ಥವಾಗಿಲ್ಲ. ಆ ಕೇರಿಯಲ್ಲಿ ಒಬ್ಬೊಬ್ಬರೂ ನನ್ನ ಪಕ್ಕಕ್ಕೆ ಬಂದು, ಯಾರಿಗೂ ಕೇಳದಂತೆ, ಹಕ್ಕಿಗಳು ತಮ್ಮ ಅಂಗಳದಲ್ಲಿ ಇಲ್ಲವೇ ಇಲ್ಲವೆಂದೂ ಪಕ್ಕದ ಮನೆಯಲ್ಲಿ ರಾಶಿ ರಾಶಿ ಇವೆಯೆಂದೂ ಹೇಳತೊಡಗಿದರು.

"ಸಾಹೇಬ್ರೆ, ನಮ್ಮಲ್ಲಿ ಕಾಗೆಯೂ ಕೂರೂದಿಲ್ಲ," ಎಂದಳು ಗಂಗಿ. "ಲಕ್ಕಿ ಹಿತ್ತಲಲ್ಲಿ ನೋಡಿ, ನವಿಲೇ ಇತ್ತು. ಎರಡು ಬದಿಗೂ ಇತ್ತು."

"ಸುಳ್ಳು ಹೇಳ್ತದೆ ಆ ಹೆಂಗ್ಸು," ಎಂದಳು ಲಕ್ಕಿ. "ಹಕ್ಕಿ ಎಲ್ಲ ಅವಳ ಅಡುಗೆಮನೆ ಮೇಲೇ ಸಮಾ ಹಾರೂದು. ಅಡುಗೆಮನೆ ನಡೂ ಮಧ್ಯ ಹಿಡೀರಿ ನೀವು."

"ನಡೂ ಮಧ್ಯ ಹಿಡೀಬೇಕಾ? ನಿನ್ನ ಬಚ್ಚಲು ಎಂತಕ್ಕಾತದೆ?"

"ನನ್ನ ಬಚ್ಚಲಿಗೆ ಹೊಸಾ ಹೆಂಚು ಹಾಕ್ಸಿದ್ದೆ ಕಣೇ! ನಿನ್ನ ಅಡುಗೆಮನೆ ಹೆಂಗೂ ಸೋರ್ತದೆ!"

ದೇವಪ್ಪ ಇಬ್ಬರನ್ನೂ ಬದಿಗೆ ಸರಿಸಿ, "ಸಾಹೇಬ್ರೆ, ಕೇರಿ ಬಿಟ್ಟು ಗದ್ದೆ ಮೇಲೆ ಹೋಗಿಬಿಡಿ. ನೀರಲ್ಲಿ ಹೋದ್ರೆ ಯಾರಿಗೂ ಉಪದ್ರ ಇಲ್ಲ," ಎಂದ. ನೀರುಹಕ್ಕಿಗಳನ್ನು ತೆಗೆಯಿರಿ ಎಂಬ ಈ ಸಲಹೆ ಒಳ್ಳೆಯದೇ. ಆದರೆ ನನ್ನ ಮನಸ್ಸು ಗರುಡನ ಮೇಲಿತ್ತು. "ಇಲ್ಲ ದೇವಪ್ಪ. ಆ ಹೊನ್ನೆ ಮರದ ಬುಡವೇ ಆಗಬೇಕು. ಅದು ಬಿಟ್ರೆ ನನ್ನ ಹೆಸರು ಬರೂದಿಲ್ಲ," ಎಂದೆ.

ಆಗ ಮಾಲಿನಿ ತಲೆಯ ಮೇಲೆ ಬದನೆಕಾಯಿ, ಕೈಯಲ್ಲಿ ಪಟ್ಟೆಕೋಲು ಹಿಡಿದುಕೊಂಡೇ ನನ್ನ ಬಳಿ ಬಂದಳು. "ರೀ, ಇವ್ರು ನಿಮ್ಮನ್ನ ಬೇರೆ ಎಂತದೋ ಅಂದ್ಕಂಡಿದಾರೆ."

"ಕಲಾವಿದ ಅಂದ್ಕಂಡಿದಾರೆ."

"ಕಲಾವಿದ್ರಿಗೆ ಯಾರೂ ಬದನೆಕಾಯಿ ಕೊಡೂದಿಲ್ಲ. ಒಮ್ಮೆ ಆ ಜೀಪು ನೋಡಿ, ಆ ಸ್ಟ್ಯಾಂಡು ನೋಡಿ. ರಸ್ತೆ ಅಗಲ ಮಾಡೂಕೆ ಸರ್ವೇದವ್ರು ಬಂದದ್ದು ಅಂದ್ಕಂಡಿದಾರೆ. ಪಾಪದವ್ರು ಮನೆ ಹೋಗ್ತದೆ ಅಂತ ನಡುಗ್ತಾ ಇದ್ದಾರೆ. ಹೇಳಿ ಅವ್ರಿಗೆ."

ನನಗೆ ಈ ಮಾತು ಹಿಡಿಸಲಿಲ್ಲ. ಆದರೂ ನಾನು ದೊಡ್ಡ ಮನಸ್ಸಿನವನು. ಜೀಪಿನ ಬಾನೆಟ್ಟಿನ ಮೇಲೆ ಹತ್ತಿ ನಿಂತು ಸಾರಿದೆ: "ನಾನು ಸರ್ವೇದವ ಅಲ್ಲ! ಯಾವ ರಸ್ತೆಯೂ ಬರೂದಿಲ್ಲ! ದೇವರಾಣೆಗೂ ಹಕ್ಕಿ ತೆಗೂಕೇ ಬಂದವ!"

ಎಲ್ಲರೂ ದೇವಪ್ಪನ ಮುಖ ನೋಡಿದರು. ಆಮೇಲೆ ದೇವಪ್ಪ ಮೆಲ್ಲಗೆ ಹೇಳಿದ: "ಆಣೆ ಹಾಕ್ದ. ಇನ್ನು ಖಂಡಿತ ಹೋಗ್ತದೆ."

ಒಂದು ಕ್ಷಣದಲ್ಲಿ ಎಲ್ಲರೂ ಮಾಯ. ಬಾಗಿಲುಗಳು ಮುಚ್ಚಿದವು. ಒಳಗಡೆಯಿಂದ ಏನನ್ನೋ ಎಳೆಯುವ, ಉರುಳಿಸುವ, ಕೊಡ ಮಗುಚುವ ಸದ್ದು. ಜನ ಊಟಕ್ಕೆ ಹೋಗಿರಬೇಕೆಂದು ನಾನು ನೆರಳಿಗೆ ಕೂತು ಮೂರನೆಯ ಎಳನೀರಿಗೆ ಕೈ ಹಾಕಿದೆ. ಗರುಡ ಇನ್ನೂ ಮೇಲೆಯೇ ಸುತ್ತುತ್ತಿತ್ತು. ಬಿಸಿಲು ಏರುತ್ತಿತ್ತು, ಜನವರಿ ಕೈತಪ್ಪುತ್ತಿತ್ತು.

ಸ್ವಲ್ಪ ಹೊತ್ತಿಗೆ ಗಂಗಿಯ ಬಾಗಿಲು ತೆರೆಯಿತು. ಅವಳು ಮಿಂದು, ಒದ್ದೆ ಕೂದಲು ಬಿಟ್ಟು, ಎರಡೂ ಕೈಯಲ್ಲಿ ಒಂದು ಕಪ್ಪು ಗುಂಡುಕಲ್ಲನ್ನು ಎದೆಗವಚಿಕೊಂಡು ಬಂದಳು. ಹೊನ್ನೆ ಮರದ ಬುಡದಲ್ಲಿ ಮಲಗಿದ್ದ ಕೋಳಿಯನ್ನು ಕಾಲಿನಿಂದ ಓಡಿಸಿ, ಅಲ್ಲಿ ಕಲ್ಲನ್ನು ನೆಟ್ಟಗೆ ನಿಲ್ಲಿಸಿದಳು. ಅರಿಶಿನ ಬಳಿದಳು. ಕುಂಕುಮವನ್ನು ಮುಷ್ಟಿಯಲ್ಲಿ ಹಚ್ಚಿದಳು. ದಾಸವಾಳ ಇಟ್ಟಳು. ಎಡೆಗೆಂದು ಬಾಳೆಲೆಯಲ್ಲಿ ಒಂದು ಹಸಿ ಬಂಗಡೆ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿ, ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಇದು ಚೌಡಿ, ಸಾಹೇಬ್ರೆ. ನಮ್ಮ ಅಜ್ಜನ ಅಜ್ಜನ ಕಾಲದಿಂದ ಇಲ್ಲೇ ಇತ್ತು. ಭಾರೀ ಕಾರಣಿಕದ್ದು. ಇದನ್ನ ಯಾರು ಮುಟ್ಟಿದ್ರೂ ರಕ್ತ ಕಾರ್ತರೆ."

"ಈಗ ಅಲ್ಲಿ ಕೋಳಿ ಇತ್ತಲ್ಲ?"

"ಕೋಳಿಯೂ ಅದರದ್ದೇ."

ಇದನ್ನು ಓದುವ ಹೊರಗಿನವರಿಗೆ ಒಂದು ಮಾತು. ನಮ್ಮ ಸೀಮೆಯಲ್ಲಿ ಮನೆಯನ್ನು ಕೆಡವಬಹುದು, ಬಾವಿಯನ್ನು ಮುಚ್ಚಬಹುದು. ಮರದ ಬುಡದ ಚೌಡಿಯನ್ನೋ ಜಟ್ಟಿಗನನ್ನೋ ಅಲುಗಿಸಲು ಮಾತ್ರ ಯಂತ್ರದ ಡ್ರೈವರು ಒಪ್ಪುವುದಿಲ್ಲ. ಯಂತ್ರವೇ ಕೈ ಮುಗಿದು ಸುತ್ತಿ ಹೋಗುತ್ತದೆ. ಇದು ಗಂಗಿಗೆ ಗೊತ್ತಿತ್ತು. ಗಂಗಿಗೆ ಗೊತ್ತಿದ್ದದ್ದು ಲಕ್ಕಿಗೂ ಗೊತ್ತಿತ್ತು. ಲಕ್ಕಿ ತನ್ನ ಬಟ್ಟೆ ಒಗೆಯುವ ಕಲ್ಲನ್ನು ಎತ್ತಿ ನಿಲ್ಲಿಸಿ ಜಟ್ಟಿಗ ಎಂದಳು. ಅದರ ನೆತ್ತಿಯ ಮೇಲೆ ಸಾಬೂನಿನ ನೊರೆ ಇನ್ನೂ ಆರಿರಲಿಲ್ಲ. ದೇವಪ್ಪನ ಅಂಗಳದಲ್ಲಿ ಮಾಸ್ತಿಯಮ್ಮ ಎದ್ದಳು. ಅದರಾಚೆಯ ಮನೆಯವರಿಗೆ ಬೇರೇನೂ ಸಿಗದೆ, ಹಳೆಯ ಹೆದ್ದಾರಿಯ ಕಿಲೋಮೀಟರು ಕಲ್ಲನ್ನೇ ಹಿತ್ತಲಿನಿಂದ ಉರುಳಿಸಿಕೊಂಡು ಬಂದು ಅರಿಶಿನ ಬಳಿದರು. ಕುಂಕುಮದ ಅಡಿಯಲ್ಲಿ 'ಅಂಕೋಲಾ' ಎಂದು ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಕೈ ಮುಗಿದೆ. ಅಂಕೋಲೆಯ ದೇವರು ಇಷ್ಟು ದೂರ ಬಂದಿರುವಾಗ ಮುಗಿಯದಿರುವುದು ಸರಿಯಲ್ಲ.

ನೋಡನೋಡುತ್ತ ಆ ಕೇರಿಯಲ್ಲಿ ಮನುಷ್ಯರಿಗಿಂತ ದೇವರೇ ಹೆಚ್ಚಾದರು. ಕಾಲಿಟ್ಟಲ್ಲೆಲ್ಲ ದೇವಸ್ಥಾನ. ಮಾಲಿನಿ ಚಪ್ಪಲಿ ಕಳಚಿ, ಎಲ್ಲಿಡುವುದೆಂದು ತಿಳಿಯದೆ, ಕೈಯಲ್ಲಿ ಹಿಡಿದುಕೊಂಡು ನಿಂತಳು.

"ಹೊರಡೂಣ ರೀ," ಎಂದಳು. "ನೀವು ಇನ್ನೊಂದು ಗಳಿಗೆ ಇದ್ರೆ ಇವ್ರು ಜಾತ್ರೆ ಶುರು ಮಾಡ್ತರೆ."

ನಾನು ನಿಜವಾಗಿಯೂ ಹೊರಡುವವನಿದ್ದೆ. ಶ್ರೀಧರನ ಸಂದೇಶ ಬಂದಿತ್ತು: 'ಎಂತ ಆತು? ಹೆಗಡೇರ ಸೂರ್ಯ ರೆಡಿ ಇತ್ತು.' ಹೆಸರು ಹೋಯಿತು, ಅತ್ತೆಯ ಮನೆಯ ಮುಂಬಾಗಿಲು ಹೋಯಿತು ಎಂದುಕೊಂಡು, ಕ್ಯಾಮೆರಾ ಕಳಚಲು ಕೈ ಎತ್ತಿದೆ.

ಆಗ ಆಕಾಶದಿಂದ ಒಂದು ನೆರಳು ಬಿತ್ತು.

ಗಂಗಿಯ ಆ ಗುಂಡುಕಲ್ಲು ಅವಳು ಮಸಾಲೆ ರುಬ್ಬುವ ಕಲ್ಲು. ಅವಳ ಅತ್ತೆಯ ಕಾಲದಿಂದಲೂ ಮೀನು ಸಾರಿನ ಮಸಾಲೆ ಕುಡಿದು ಕುಡಿದು ಕಪ್ಪಾದದ್ದು. ಮೇಲೆ ಹಸಿ ಬಂಗಡೆಯ ಎಡೆ ಬೇರೆ. ಬೆಳಗಿನಿಂದ ಹಸಿದು ಸುತ್ತುತ್ತಿದ್ದ ಗರುಡನಿಗೆ ಇನ್ನೇನು ಬೇಕು? ರೆಕ್ಕೆ ಮಡಿಸಿ ಬಾಣದಂತೆ ಇಳಿದು ಬಂದು, ಚೌಡಿಯ ನೆತ್ತಿಯ ಮೇಲೆ ಕೂತು, ಎರಡೂ ರೆಕ್ಕೆಗಳನ್ನು ಅಗಲಿಸಿ ಹಿಡಿದು, ಹೊನ್ನೆ ಎಲೆಗಳ ನಡುವಿನಿಂದ ಬಿದ್ದ ಬಿಸಿಲಿನಲ್ಲಿ ನನ್ನನ್ನೇ ದಿಟ್ಟಿಸಿತು. ನಾನು ಬಂದಾಗಿನಿಂದ ಗುರಿ ಹಿಡಿದಿಟ್ಟ ಜಾಗ, ಒಂದು ಕೂದಲೆಳೆಯೂ ಆಚೀಚೆ ಇಲ್ಲ.

ಗುಂಡಿ ಒತ್ತಿದೆ. ಆ ಸದ್ದು ಗೋಕರ್ಣದವರೆಗೂ ಕೇಳಿಸಿರಬೇಕು.

ಗರುಡ ಬಂಗಡೆ ಕಚ್ಚಿಕೊಂಡು ಹಾರಿತು. ಗಂಗಿ ಬಾಯಿ ತೆರೆದುಕೊಂಡು ತನ್ನ ರುಬ್ಬುವ ಕಲ್ಲನ್ನೇ ನೋಡಿದಳು. ಕಲ್ಲು ಅವಳನ್ನು ನೋಡಿತು. ಮೊದಲು ಅಡ್ಡಬಿದ್ದವಳು ಅವಳೇ.

"ತಾಯೀ! ಇಷ್ಟು ದಿನ ನಿನ್ನ ತಲೆ ಮೇಲೆ ಮೆಣಸು ಅರ್ದೆನಲ್ಲೇ!"

ಅವಳ ಹಿಂದೆ ಲಕ್ಕಿ, ಲಕ್ಕಿಯ ಹಿಂದೆ ದೇವಪ್ಪ, ದೇವಪ್ಪನ ಹಿಂದೆ ಇಡೀ ಕೇರಿ. ನಾನೂ ಅಡ್ಡಬಿದ್ದೆ, ಜನವರಿ ಸಿಕ್ಕಿದವನು ಅಡ್ಡಬೀಳಲೇಬೇಕು. ಅದನ್ನು ಕಂಡು ದೇವಪ್ಪ ಎದ್ದು ಘೋಷಿಸಿದ: "ಸರ್ಕಾರವೇ ಅಡ್ಡಬಿತ್ತು! ಇನ್ನು ರಸ್ತೆ ಬರೂದಿಲ್ಲ!" ಜನ ಕೇಕೆ ಹಾಕಿದರು.

ಗಂಗಿ ಮಾತ್ರ ಹಣೆಯ ಮಣ್ಣನ್ನು ಒರೆಸಿಕೊಳ್ಳುತ್ತ ಮಾಲಿನಿಯ ಕಿವಿಯಲ್ಲಿ, "ಅಕ್ಕೋ, ಈಗ ಮಸಾಲೆ ಎಲ್ಲಿ ಅರೂದು?" ಎಂದು ಕೇಳಿದಳು.

ಅಲ್ಲಿಂದಲೇ ಚಿತ್ರವನ್ನು ಶ್ರೀಧರನಿಗೆ ಕಳಿಸಿದೆ. ಆಮೇಲೆ ಅವನ ಫೋನು ಬಂತು. "ಭಾಸ್ಕರ, ನಾನು ಮಿಂದು ಬಂದು ಮತ್ತೊಮ್ಮೆ ನೋಡ್ದೆ ಮಾರಾಯ. ಇದು ಯಾವ ಕ್ಷೇತ್ರ?"

ಕ್ಯಾಲೆಂಡರು ಅಚ್ಚಾಗಿ ಬಂತು. ಜನವರಿಯ ಪುಟದ ತುಂಬ ಗರುಡವಾಹಿನಿ ಚೌಡಿ. ಕೆಳಗೆ ಬಲ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಾದರೂ ಬಲು ಮುದ್ದಾಗಿ: 'ಚಿತ್ರ: ಭಾಸ್ಕರ ನಾಯ್ಕ, ಶಿರಾಲಿ'. ನಾನು ಹೊಸ ಅಂಗಿ ತೊಟ್ಟು ಮಾಲಿನಿಯೊಂದಿಗೆ ಕಾಸರಕೋಡಿಗೆ ಹೋದೆ. ಮುಂಬಾಗಿಲಿನಿಂದಲೇ ಹೋದೆ.

ಅತ್ತೆ ಕ್ಯಾಲೆಂಡರನ್ನು ಅಡುಗೆಮನೆಯಿಂದ ದೇವರ ಕೋಣೆಗೆ ಸಾಗಿಸಿದ್ದರು. ಊದುಬತ್ತಿ ಉರಿಯುತ್ತಿತ್ತು. ಕೇರಿಯ ಹೆಂಗಸರು ಬಂದು ನಿಂತಿದ್ದರು. "ಅಳಿಯಂದ್ರ ಹೆಸರು ಎಲ್ಲಿತ್ತು?" ಎಂದು ಒಬ್ಬಳು ಕೇಳಿದಳು. ನಾನು ಬಲ ಮೂಲೆಯನ್ನು ತೋರಿಸಿದೆ. ಅಲ್ಲಿ ಒಂದು ದೊಡ್ಡ ಕುಂಕುಮದ ಬೊಟ್ಟು ಇತ್ತು.

"ಚಿತ್ರದ ಮೇಲೆ ಹಚ್ಚಿದ್ರೆ ದೇವರ ಮುಖ ಹಾಳಾತದೆ ಅಂತ ಮೂಲೆಗೆ ಹಚ್ಚಿದ್ದೆ," ಎಂದರು ಅತ್ತೆ.

"ಸ್ವಲ್ಪ ಕೆರೆದ್ರೆ ಕಾಣ್ತದೆ," ಎಂದೆ.

"ದೇವರ ಕುಂಕುಮ ಕೆರೂದಾ? ಬಾಯಿ ಮುಚ್ಚಿ!"

ಮೂರು ತಾಲೂಕುಗಳಲ್ಲಿ, ನಮ್ಮ ಮನೆಯೂ ಸೇರಿ, ನಾನು ಹೋದ ಮನೆಮನೆಯಲ್ಲೂ ಇದೇ ಕಥೆ. ನಮ್ಮ ಜನರಿಗೆ ದೇವರ ಮುಖದ ಮೇಲೆ ಎಷ್ಟು ಭಕ್ತಿಯೋ ಬಲ ಮೂಲೆಯ ಮೇಲೆ ಅಷ್ಟೇ ಧೈರ್ಯ. ಕುಂಕುಮ ಇಲ್ಲದಲ್ಲಿ ಊದುಬತ್ತಿ ಚುಚ್ಚಿದ ತೂತು.

ಆಮೇಲೆ ಫೆಬ್ರವರಿ ಬಂತು. ಬಂತು ಎಂದು ನಾನು ಹೇಳುತ್ತೇನೆ, ಜನ ಒಪ್ಪಲಿಲ್ಲ. ದೇವರಿರುವ ಪುಟವನ್ನು ಮಗುಚುವುದು ಹೇಗೆ? ಮಗುಚಿದರೆ ಚೌಡಿಯ ಮುಖ ಗೋಡೆಗೆ, ಎದುರಿಗೆ ಹೆಗಡೆಯವರ ಮುಳುಗುವ ಸೂರ್ಯ. ಯಾವ ಮನೆಯವರೂ ಆ ಧೈರ್ಯ ಮಾಡಲಿಲ್ಲ. ಸಾಲು ಮನೆಗಳಲ್ಲಿ ಜನವರಿ ಹಾಗೆಯೇ ನಿಂತಿತು. ನನ್ನ ಅತ್ತೆ ಏಕಾದಶಿಯ ದಿನ ಬಂಗಡೆ ತಿಂದು, ಮಾರನೆಯ ದಿನ ಉಪವಾಸ ಮಾಡಿದರು. ಸೊಸೈಟಿಯ ಫೆಬ್ರವರಿ ಸಭೆಗೆ ಒಂದು ನಾಯಿ ಬಿಟ್ಟರೆ ಯಾರೂ ಬರಲಿಲ್ಲ, ಕೇಳಿದರೆ, "ಸಭೆ ಬರೂ ತಿಂಗ್ಳಲ್ಲ?" ಎಂದರು. ಶ್ರೀಧರ ನನ್ನನ್ನು ಕಂಡರೆ ದಾರಿ ಬದಲಿಸುತ್ತಾನೆ. ಕಾಲವನ್ನು ನಿಲ್ಲಿಸಿದವನು ಎಂದೆನಲ್ಲ, ನಿಮಗೆ ನಗು ಬಂದಿತ್ತು.

ಮಾಲಿನಿ ಬಿಡಲಿಲ್ಲವಾದ್ದರಿಂದ ಒಂದು ಭಾನುವಾರ ಗಂಗಿಗೆ ಹೊಸ ರುಬ್ಬುವ ಕಲ್ಲನ್ನು ಜೀಪಿನಲ್ಲಿ ಹಾಕಿಕೊಂಡು ಹೋದೆವು. ಹೊನ್ನೆ ಮರದ ಬುಡಕ್ಕೆ ಈಗ ಸಿಮೆಂಟಿನ ಕಟ್ಟೆ. ನನ್ನನ್ನು ಕಂಡು ದೇವಪ್ಪ ಪಂಚೆ ಕೆಳಗಿಳಿಸಿದ.

"ಮೊನ್ನೆ ಒಬ್ರು ಹೆಗಡೇರು ಅಂತ ಬಂದಿದ್ರು, ಸಾಹೇಬ್ರೆ. ಸಣ್ಣ ಕಪ್ಪು ಸ್ಟ್ಯಾಂಡು. ಕಾರೂ ಕೆಂಪು. ಸರ್ಕಾರದವ ಅಲ್ಲ ಅಂತ ನಮ್ಗೆ ಗೊತ್ತಾತಿಲ್ವಾ? ಸರ್ವೆ ಆಗಿ ಹೋಗಿತ್ತು ಅಂತ ಹೇಳಿ ಕಳ್ಸಿದ್ವಿ."

"ನಾನು ಸರ್ವೇದವ ಅಲ್ಲ ದೇವಪ್ಪ."

"ಆತು ಆತು. ಹಕ್ಕಿ ಇಲಾಖೆ."

ನಾನು ಹೊಸ ಕಲ್ಲನ್ನು ಅಂಗಳದಲ್ಲಿ ಇಳಿಸಿ, ಬಾವಿಯ ಹತ್ತಿರ ಕೈ ತೊಳೆದು ಬರುವಷ್ಟರಲ್ಲಿ ಗಂಗಿ, "ಬ್ಯಾಡ್ವೇ, ಅದು ಅರೂಕೆ ತಂದದ್ದೇ!" ಎಂದು ಕೂಗುತ್ತಿದ್ದಳು. ಲಕ್ಕಿ ಅದಕ್ಕೆ ಕುಂಕುಮ ಹಚ್ಚಿ ಮುಗಿಸಿದ್ದಳು. ಸಾಹೇಬರು ಕೈಯಾರೆ ತಂದು ಇಳಿಸಿದ ಕಲ್ಲನ್ನು ಸುಮ್ಮನೆ ಬಿಡಬಹುದೇ? ಗಂಗಿಯ ಮನೆಯ ಮಸಾಲೆ ಈಗಲೂ ಅರೆಯುವುದು ದೇವಪ್ಪನ ಮನೆಯಲ್ಲಿ.

ಇಷ್ಟಾದರೂ ನನ್ನ ಹೆಸರು ಎಲ್ಲೂ ಕಾಣುವುದಿಲ್ಲವಲ್ಲ ಎಂಬ ನೋವು ನನಗೆ ಇರಲಿಲ್ಲವೆಂದರೆ ಸುಳ್ಳು. ಇಡೀ ಕರಾವಳಿಯಲ್ಲಿ ಕುಂಕುಮ ಬೀಳದ ಒಂದೇ ಒಂದು ಬಲ ಮೂಲೆ ಉಳಿದಿದೆ. ಅದು ತ್ರ್ಯಂಬಕ ಹೆಗಡೆಯವರ ಮನೆಯಲ್ಲಿ. ನನ್ನ ಚಿತ್ರಕ್ಕೆ ಅವರು ಕುಂಕುಮ ಹಚ್ಚಲಿಲ್ಲ. ತಿಂಗಳು ತಿಂಗಳಿಗೆ ಸರಿಯಾಗಿ ಪುಟವನ್ನೂ ಮಗುಚುತ್ತಾರೆ.

ಅದಕ್ಕೇ ನಾನು ಈಗ ವಾರಕ್ಕೊಮ್ಮೆ ಅವರ ಮನೆಗೆ ಹೋಗುತ್ತೇನೆ. ಅವರು ಚಹಾ ತರಲು ಒಳಗೆ ಹೋದ ಕೂಡಲೇ ಎದ್ದು, ಪುಟಗಳನ್ನು ಹಿಂದಕ್ಕೆ ಮಗುಚಿ, ನನ್ನ ಹೆಸರನ್ನು ಒಮ್ಮೆ ಓದಿಕೊಂಡು ಕೂರುತ್ತೇನೆ. ಮೊನ್ನೆ ಅವರು ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ಸಿಟ್ಟು ಬಂದಾಗ ಅವರ ಬಾಯಿಗೆ ಮನೆಮಾತು ಹವಿಗನ್ನಡವೇ ಬರುತ್ತದೆ.

"ಮಾರಾಯಾ, ಏಪ್ರಿಲ್ ಬಂತು. ಹೊರಗೆ ಬಿಸಿಲು ಸುಡ್ತಾ ಇದ್ದು. ಯಮ್ಮನೇಲಾದ್ರೂ ತಿಂಗ್ಳು ಮುಂದೆ ಹೋಪಲೆ ಬಿಡ್ತ್ಯ ಇಲ್ಯ?"

"ಬಿಸಿಲಾ?" ಎಂದೆ ನಾನು, ಅಂಗಿಯ ಕೊರಳಿನ ಗುಂಡಿ ಹಾಕಿಕೊಳ್ಳುತ್ತ. "ನಮ್ಮ ಬದಿಗೆ ಇನ್ನೂ ಚಳಿ, ಹೆಗಡೇರೇ. ಚಹಾ ಬಿಸಿ ಇತ್ತಲ್ಲ?"